ಏನೂ ನಡೆಯದ ದಿನಗಳನ್ನು ಕಾಮಿಕ್ಸ್ ಮಾಡಬಹುದೇ?

ಪ್ರಶ್ನೆ:
ನಾನು ಸಣ್ಣ ಊರಿನ ಸಹಕಾರ ಸಂಘದಲ್ಲಿ ಕ್ಲರ್ಕ್. ಎರಡು ವರ್ಷದಿಂದ ನನ್ನ ದಿನಗಳನ್ನೇ ಕಾಮಿಕ್ಸ್ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಸಾಲ ಕೇಳಲು ಬಂದವರು, ಸಂಜೆಯ ಬಸ್ಸು, ಅಮ್ಮನ ಮೊಣಕಾಲು ನೋವು, ಇಂಥವೇ. ಗೆಳತಿ ಓದಿ, "ಇದರಲ್ಲಿ ಕಥೆ ಎಲ್ಲಿದೆ?" ಅಂದಳು. ಚಿತ್ರವೂ ಸುಮಾರು. ಕೈಬೆರಳು ಬರೆಯಲು ಬರುವುದೇ ಇಲ್ಲ. ಮುಂದುವರಿಸಲೇ? ಅನುಭವ ಇದ್ದವರು ಹೇಳಿ.

ಮೈಸೂರಿನಿಂದ:
ದಯವಿಟ್ಟು ನಿಲ್ಲಿಸಬೇಡಿ. ನಿಮ್ಮ ಹಾಗೇ ಕ್ಲರ್ಕ್ ಆಗಿದ್ದ ಒಬ್ಬರ ವಿಷಯ ಹೇಳುತ್ತೇನೆ. ಹಾರ್ವೆ ಪೀಕರ್ ಅಂತ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಫೈಲು ನೋಡಿಕೊಳ್ಳುವ ಕೆಲಸ. ಅವರಿಗೆ ಚಿತ್ರ ಬರೆಯಲು ಬರುತ್ತಲೇ ಇರಲಿಲ್ಲ. ಕಡ್ಡಿ ಗೊಂಬೆ ಗೀಚಿ, ಪಕ್ಕದಲ್ಲಿ ಮಾತು ಬರೆದು ಚಿತ್ರಗಾರರ ಕೈಗೆ ಕೊಡುತ್ತಿದ್ದರು. ಅವರಲ್ಲಿ ರಾಬರ್ಟ್ ಕ್ರಂಬ್ ಒಬ್ಬರು. ಇಬ್ಬರಿಗೂ ಹಳೆಯ ಜಾಝ್ ರೆಕಾರ್ಡುಗಳ ಹುಚ್ಚು, ಪರಿಚಯವಾದದ್ದೂ ಅದರಿಂದಲೇ. 1976ರಲ್ಲಿ ಪೀಕರ್ ಕೈಯಿಂದ ದುಡ್ಡು ಹಾಕಿ 'ಅಮೆರಿಕನ್ ಸ್ಪ್ಲೆಂಡರ್' ಅನ್ನುವ ಕಾಮಿಕ್ಸ್ ಶುರು ಮಾಡಿದರು. ಅದರಲ್ಲಿ ಇದ್ದದ್ದು ಆಸ್ಪತ್ರೆಯ ಜೊತೆಗಾರರ ಹರಟೆ, ಅಂಗಡಿಯಲ್ಲಿ ಚೌಕಾಸಿ ಮಾಡುವ ಅಜ್ಜಿಯರ ಹಿಂದೆ ಸಾಲಿನಲ್ಲಿ ಕಾದು ನಿಂತದ್ದು.

ನನಗೆ ತುಂಬಾ ಇಷ್ಟವಾದದ್ದು ಅವರ ಹೆಸರಿನ ಕಥೆ. ಟೆಲಿಫೋನ್ ಡೈರೆಕ್ಟರಿಯಲ್ಲಿ ತನ್ನದೇ ಹೆಸರಿನ ಬೇರೆಯವರು ಕಾಣಿಸುತ್ತಾರೆ. ಮುಂದೆ ಅವರು ತೀರಿಹೋದ ಸುದ್ದಿ ಓದುತ್ತಾರೆ. ಒಮ್ಮೆಯೂ ನೋಡಿರದವರಿಗಾಗಿ ಮನಸ್ಸು ಭಾರವಾಗುತ್ತದೆ. ಇಷ್ಟೇ ಕಥೆ. ಚೌಕದಿಂದ ಚೌಕಕ್ಕೆ ಹೆಚ್ಚುಕಡಿಮೆ ಒಂದೇ ಚಿತ್ರ. ಒಬ್ಬ ಮನುಷ್ಯ ನಮ್ಮ ಕಡೆ ಮುಖ ಮಾಡಿ ನಿಂತು ಮಾತಾಡುತ್ತಾನೆ. ಮುಗಿಯುವ ಹೊತ್ತಿಗೆ, ಹೆಸರು ತೆಗೆದರೆ ನಾನು ಯಾರು ಅನ್ನುವ ಪ್ರಶ್ನೆ ನಮ್ಮನ್ನೂ ಹಿಡಿದುಕೊಳ್ಳುತ್ತದೆ. ಲಲಿತ ಪ್ರಬಂಧ ಓದಿ ಬೆಳೆದ ನಮಗೆ ಸಣ್ಣ ಸಂಗತಿ ಹೊಸದಲ್ಲ, ಅಲ್ವಾ? ಆದರೆ ಪ್ರಬಂಧದಲ್ಲಿ 'ಸ್ವಲ್ಪ ಹೊತ್ತು ಸುಮ್ಮನಿದ್ದೆ' ಅಂತ ಬರೆಯಬೇಕು. ಕಾಮಿಕ್ಸಿನಲ್ಲಿ ಮಾತಿಲ್ಲದ ಒಂದು ಚೌಕ ಇಟ್ಟರೆ ಸಾಕು, ಓದುವವರೂ ಅಷ್ಟು ಹೊತ್ತು ಸುಮ್ಮನಿರುತ್ತಾರೆ.

ನಿಮ್ಮ ಅಮ್ಮ ಮೆಟ್ಟಿಲು ಹತ್ತುವುದನ್ನು ಒಂದೇ ಚೌಕದಲ್ಲಿ ಮುಗಿಸಿದ್ದೀರಾ? ಮೆಟ್ಟಿಲಿಗೊಂದು ಚೌಕ ಕೊಟ್ಟು ನೋಡಿ. ನಿಮ್ಮ ಗೆಳತಿ ಕೇಳಿದ ಕಥೆ ಅಲ್ಲೇ ಇರಬಹುದು.

ಹೇಳಲು ಮರೆತೆ. 1987ರಲ್ಲಿ ಪೀಕರ್ ಅವರ ಸಂಕಲನಕ್ಕೆ ಅಮೆರಿಕನ್ ಬುಕ್ ಅವಾರ್ಡ್ ಬಂತು. ಆಮೇಲೂ ರಿಟೈರ್ ಆಗುವ ತನಕ ಅವರು ಆಸ್ಪತ್ರೆ ಕೆಲಸ ಬಿಡಲಿಲ್ಲ.

ಧಾರವಾಡದಿಂದ:
ಬೆರಳಿಗೆ ಮಾತ್ರ ಉತ್ತರ. ಆಲಿಸನ್ ಬೆಕ್‌ಡೆಲ್ ತಮ್ಮ ಅಪ್ಪನ ಬಗ್ಗೆ ಮಾಡಿದ 'ಫನ್ ಹೋಮ್' ಅನ್ನುವ ಕಾಮಿಕ್ಸ್ ಪುಸ್ತಕ 2006ರಲ್ಲಿ ಬಂತು. ಅದರ ಭಂಗಿಗಳಿಗೆಲ್ಲ ಅವರೇ ನಿಂತು ಫೋಟೊ ತೆಗೆದುಕೊಂಡು, ಅದನ್ನು ನೋಡಿ ಬರೆದರು. ನಾನೂ ಮೊಬೈಲಿನಲ್ಲಿ ಟೈಮರ್ ಇಟ್ಟು, ಲೋಟ ಹಿಡಿದ ನನ್ನ ಕೈಯ ಫೋಟೊ ತೆಗೆಯುತ್ತೇನೆ. ನೋಡಿಕೊಂಡು ಬರೆಯುವುದರಲ್ಲಿ ತಪ್ಪೇನಿಲ್ಲ.

ಮಂಡ್ಯದಿಂದ:
ನಾನು ಹೈಸ್ಕೂಲ್ ಟೀಚರ್. ಲಿಂಡಾ ಬ್ಯಾರಿ ಅನ್ನುವ ಕಾಮಿಕ್ಸ್ ಕಲಾವಿದೆ ತಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಡೈರಿ ಕ್ರಮ ನನಗೆ ತುಂಬಾ ಸಹಾಯ ಮಾಡಿತು. ಒಂದು ಪುಟವನ್ನು ಭಾಗ ಮಾಡಿ. ಇವತ್ತು ಮಾಡಿದ್ದು, ನೋಡಿದ್ದು, ಕಿವಿಗೆ ಬಿದ್ದ ಒಂದು ಮಾತು, ಒಂದು ಚಿತ್ರ. ಮೊದಲ ತಿಂಗಳು ನನಗೆ 'ಮಾಡಿದ್ದು' ಮಾತ್ರ ತುಂಬುತ್ತಿತ್ತು. ಎದ್ದೆ, ಉಪ್ಪಿಟ್ಟು ಮಾಡಿದೆ, ಪೇಪರ್ ತಿದ್ದಿದೆ. ಆಮೇಲೆ ಕಿವಿ ತೆರೆದುಕೊಂಡಿತು. ಒಂದು ಸಂಜೆ ಬಸ್ಸಿನಲ್ಲಿ ಒಬ್ಬ ಅಜ್ಜಿ ಕಂಡಕ್ಟರಿಗೆ ಹೇಳಿದರು, "ನಾ ಇಳಿಯೋ ಊರು ನಿಂಗೊತ್ತಲ್ಲ ಮಗ. ನಾ ಮರ್ತ್ರೂ ನೀ ಇಳಿಸ್ಬುಡು." ಅದನ್ನು ಒಂದಕ್ಷರ ತಿದ್ದದೆ ಬರೆದೆ. ನಾನು ಮಾಡಿದ ಪುಟಗಳಲ್ಲಿ ಅದೇ ಒಳ್ಳೆಯದು. ಸಾಲ ಕೇಳಲು ಬಂದವರ ಮಾತನ್ನು ನೀವು ಪುಸ್ತಕದ ಕನ್ನಡಕ್ಕೆ ತಿರುಗಿಸುತ್ತಿದ್ದರೆ ಬಿಟ್ಟುಬಿಡಿ. ಅವರು ಹೇಗೆ ಹೇಳಿದರೋ ಹಾಗೇ ಇರಲಿ. ಹೆಸರು, ಮುಖ ಮಾತ್ರ ಬದಲಾಯಿಸಿ.

ಬೆಂಗಳೂರಿನಿಂದ:
ಅಮ್ಮನ ಪುಟಗಳನ್ನು ಮೊದಲು ಅಮ್ಮನಿಗೇ ತೋರಿಸಿ. ನಾನು ನಮ್ಮತ್ತೆಯ ಕೋಪದ ಬಗ್ಗೆ ಬರೆದು, ಅವರಿಗೆ ಹೇಳದೆ ಸ್ನೇಹಿತರಿಗೆ ಕಳಿಸಿದ್ದೆ. ಯಾರೋ ಅದನ್ನು ಫೋನಿನಲ್ಲಿ ಅವರಿಗೆ ತೋರಿಸಿದರು. ಎಷ್ಟೋ ದಿನ ಅವರು ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದರು. ತಪ್ಪು ನನ್ನದೇ. ಈಗ ಪುಟ ಮುಗಿದ ಕೂಡಲೇ ಅವರ ಮುಂದೆ ಇಡುತ್ತೇನೆ. ಹೋದ ವಾರ ಕನ್ನಡಕ ಹಾಕಿಕೊಂಡು ನೋಡಿ, "ನಾನು ಸೆರಗು ಸಿಕ್ಕಿಸೋದು ಈ ಕಡೆಗಲ್ಲ ಕಣೇ" ಅಂದರು. ಅಳಿಸಿ, ಇನ್ನೊಂದು ಕಡೆಗೆ ಬರೆದೆ.