ಹತ್ತು ಬೋರ್‌ವೆಲ್, ಒಂದು ಸಂಘ: ಸೌರ ವಿದ್ಯುತ್ ಮಾರಿದರೆ ಗಿಟ್ಟುತ್ತದೆಯೇ?

ಬದುವಿನ ಬೇವು:
ನಮ್ಮದು ಶಿರಹಟ್ಟಿ ಕಡೆಯ ಊರು. ಒಂದೇ ಟಿ.ಸಿ.ಗೆ, ಅಂದರೆ ಒಂದೇ ಟ್ರಾನ್ಸ್‌ಫಾರ್ಮರ್‌ಗೆ, ಹತ್ತು ಪಂಪ್‌ಸೆಟ್‌ಗಳಿವೆ. ತ್ರೀಫೇಸ್ ಹೆಚ್ಚಾಗಿ ಬರುವುದು ರಾತ್ರಿಯೇ. ಹೋದ ವಾರ ನಡುರಾತ್ರಿ ಎರಡಕ್ಕೆ ಮೆಣಸಿನಕಾಯಿಗೆ ನೀರು ಹಾಯಿಸಲು ಹೋದಾಗ ಹಾವು ತುಳಿಯುವುದು ಗೇಣಿನಲ್ಲಿ ತಪ್ಪಿತು. ಅಂದಿನಿಂದ ತಲೆಯಲ್ಲಿ ಒಂದೇ ಯೋಚನೆ: ಹತ್ತೂ ಮಂದಿ ಸಹಕಾರ ಸಂಘ ಕಟ್ಟಿ, ಸೌರ ಪಂಪ್ ಹಾಕಿಸಿ, ಉಳಿದ ವಿದ್ಯುತ್ತನ್ನು ಗ್ರಿಡ್‌ಗೆ ಮಾರಬಾರದೇಕೆ? ಗುಜರಾತಿನ ಧುಂಡಿಯಲ್ಲಿ ಹಾಗೆ ಮಾಡಿದ್ದಾರಂತೆ. ಮಾವ ಮಾತ್ರ, "ಪುಕ್ಕಟೆ ಕರೆಂಟ್ ಬಿಟ್ಟು ಸಾಲದ ಸೂರ್ಯನನ್ನು ಹೊಲಕ್ಕೆ ಕರೆಯುತ್ತೀಯೇನಪ್ಪಾ?" ಎನ್ನುತ್ತಾರೆ.

ಲೆಕ್ಕದ ಮೇಷ್ಟ್ರು:
ನಿಮ್ಮ ಮಾವನವರ ಮಾತಿನಲ್ಲಿ ಹುರುಳಿದೆ. ಖೇಡಾ ಜಿಲ್ಲೆಯ ಧುಂಡಿಯಲ್ಲಿ 2016ರಲ್ಲಿ ಆರು ರೈತರು ಸಂಘ ಶುರು ಮಾಡಿದರು. ವಿದ್ಯುತ್ ಕಂಪನಿ ಯೂನಿಟ್‌ಗೆ 4.63 ರೂಪಾಯಿಯಂತೆ 25 ವರ್ಷ ಕೊಳ್ಳುವ ಕರಾರು ಮಾಡಿಕೊಂಡಿತು. ಪ್ರತಿಯಾಗಿ ರೈತರು ರಿಯಾಯಿತಿ ದರದ ಗ್ರಿಡ್ ಸಂಪರ್ಕ ಕೇಳುವ ಹಕ್ಕನ್ನೇ ಬಿಟ್ಟುಕೊಟ್ಟರು. ಆದರೆ ಅವರು ಅದುವರೆಗೆ ಡೀಸೆಲ್ ಪಂಪ್ ಓಡಿಸುತ್ತಿದ್ದವರು, ಮೊದಲ ದಿನವೇ ಡೀಸೆಲ್ ಖರ್ಚು ಉಳಿಯಿತು. ನಿಮಗೆ 10 ಎಚ್‌.ಪಿ.ವರೆಗೆ ಬಿಲ್ಲೇ ಇಲ್ಲವಲ್ಲ, ಉಳಿಯುವುದೇನು? ಮಾರಿದ ಯೂನಿಟ್‌ನ ದುಡ್ಡಿನಲ್ಲೇ ಸಾಲದ ಕಂತು ಕಟ್ಟಬೇಕು.

ತಂತಿಬೇಲಿ:
ಗುಜರಾತಿಗೇಕೆ ಹೋಗುತ್ತೀರಿ? 2014ರಲ್ಲಿ ಘೋಷಣೆಯಾದ ನಮ್ಮದೇ ಸೂರ್ಯರೈತ ಯೋಜನೆಯಲ್ಲಿ ಕನಕಪುರದ ಹಾರೋಬೆಲೆಯ ರೈತರು ಸಂಘ ಕಟ್ಟಿದ್ದಾರೆ. ಒಮ್ಮೆ ಹೋಗಿ ಕೂತು ಮಾತಾಡಿ ಬನ್ನಿ. ಇನ್ನೊಂದು ಮಾತು, ಇದನ್ನು ಮಾರಾಟಗಾರರು ಬಾಯಿ ಬಿಟ್ಟು ಹೇಳುವುದಿಲ್ಲ: ಲೈನ್ ಸತ್ತರೆ ಪ್ಯಾನೆಲ್‌ನ ವಿದ್ಯುತ್ತನ್ನು ಗ್ರಿಡ್‌ಗೆ ಹೊಂದಿಸಿ ಕಳಿಸುವ ಇನ್ವರ್ಟರ್ ಕೂಡ ನಿಲ್ಲುತ್ತದೆ, ಕಂಬದ ಮೇಲಿರುವ ಲೈನ್‌ಮನ್ ಜೀವ ಉಳಿಯಲೆಂದು. ಹಗಲು ಫೀಡರ್ (ನಿಮ್ಮ ಕಡೆಗೆ ವಿದ್ಯುತ್ ತರುವ ಲೈನ್) ಜೀವಂತವಿಲ್ಲದಿದ್ದರೆ ಎಷ್ಟೇ ಬಿಸಿಲಿದ್ದರೂ ನೀವು ಮಾರುವುದು ಸೊನ್ನೆ.

ಹುಕ್ಕೇರಿಯವ:
ನಮ್ಮಲ್ಲಿ 1969ರಿಂದಲೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ. ಅದು ವಿದ್ಯುತ್ ಕೊಂಡು ಹಂಚುವಂಥದ್ದು, ನಿಮ್ಮದು ಮಾರುವಂಥದ್ದು, ಆದ್ದರಿಂದ ತಾಳೆಯಾಗದು. ಆದರೂ ಅನುಭವದ ಮಾತು: ಹಣ ಹಾಕುವ ಮೊದಲು ಉಪವಿಧಿ ಬರೆಯಿರಿ. ಒಬ್ಬನ ಪ್ಯಾನೆಲ್ ಮಂಗ ಒಡೆದರೆ ರಿಪೇರಿ ಯಾರದು, ಒಬ್ಬ ಹೊಲ ಮಾರಿದರೆ ಅವನ ಪಾಲು ಯಾರಿಗೆ? ಅಣ್ಣತಮ್ಮಂದಿರ ನಡುವೆಯೂ ಇದು ಬಾಯಿಮಾತಿನಲ್ಲಿ ನಿಲ್ಲುವುದಿಲ್ಲ.

ಬದುವಿನ ಬೇವು:
ಇನ್ವರ್ಟರ್ ವಿಷಯ ಗೊತ್ತೇ ಇರಲಿಲ್ಲ. ಹಗಲು ಎಷ್ಟು ಹೊತ್ತು ಲೈನ್ ಇರುತ್ತದೆಂದು ಇಂದಿನಿಂದ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಇವತ್ತಿನ ಲೆಕ್ಕ: ಎರಡೂಕಾಲು ಗಂಟೆ. ಮಾವನಿಗೆ ಇನ್ನೂ ಹೇಳಿಲ್ಲ.