ತಾಳಮದ್ದಳೆ ಕೇಳಲು ಬ್ಲೂಟೂತ್ ಸ್ಪೀಕರ್: ಪರೀಕ್ಷಿಸಿ ಕೊಳ್ಳುವುದು ಹೇಗೆ?

ಬದಿಯಡ್ಕದಿಂದ ಪ್ರಶ್ನೆ:
ನಮಸ್ಕಾರ. ನಮ್ಮ ಮನೆಯ ಚಾವಡಿಯಲ್ಲಿ ಹತ್ತು ಹದಿನೈದು ಮಂದಿ ಕುಳಿತು ತಾಳಮದ್ದಳೆಯ (ವೇಷವಿಲ್ಲದೆ, ಕುಳಿತು ಹಾಡು-ಮಾತುಗಳಲ್ಲಿ ನಡೆಸುವ ಯಕ್ಷಗಾನದ) ಹಳೆಯ ಧ್ವನಿಮುದ್ರಣಗಳನ್ನು ಕೇಳುವ ಕ್ರಮವಿದೆ. ಅದಕ್ಕಾಗಿ ಒಂದು ಬ್ಲೂಟೂತ್ ಸ್ಪೀಕರ್ ಕೊಳ್ಳಬೇಕೆಂದಿದ್ದೇನೆ. ಕಾಸರಗೋಡಿನ ಅಂಗಡಿಯೊಂದರಲ್ಲಿ ನಾಲ್ಕೈದನ್ನು ಕೇಳಿಸಿದರಾದರೂ ಎಲ್ಲದರಲ್ಲೂ ಹಾಕಿದ್ದು ಸಿನಿಮಾ ಹಾಡು. ಎಲ್ಲವೂ ಚೆನ್ನಾಗಿಯೇ ಕೇಳಿಸಿತು. ಭಾಗವತಿಕೆಯೂ (ಹಾಡುಗಾರಿಕೆ) ಅರ್ಥಗಾರಿಕೆಯೂ (ಮಾತುಗಾರಿಕೆ) ಸ್ಪಷ್ಟವಾಗಿ ಕೇಳಿಸಬೇಕಾದರೆ ಏನನ್ನು ಗಮನಿಸಬೇಕು? ಮಗಳು ಅದರಲ್ಲಿಯೇ ಫೋನಿನ ಶ್ರುತಿ ಹಾಕಿಕೊಂಡು ಅಭ್ಯಾಸ ಮಾಡುವವಳಿದ್ದಾಳೆ.

ಕುಂಬಳೆಯಿಂದ ಉತ್ತರ:
ತಾವು ನೂರಾರು ಸಲ ಕೇಳಿರುವ ಒಂದು ಪ್ರಸಂಗವನ್ನು ಫೋನಿಗೆ ಇಳಿಸಿಕೊಂಡು ಅಂಗಡಿಗೆ ಹೋಗಿ. ಚೆಂಡೆಯ ಬಿರುಸಿನ ನುಡಿತದಲ್ಲಿ ಒಂದೊಂದು ಪೆಟ್ಟೂ ಬಿಡಿಯಾಗಿ ಕೇಳಿಸಬೇಕು, ಜಾಗಟೆ ಕಿವಿಗೆ ಚುಚ್ಚಬಾರದು. ಮಾತಿನ ಸ್ಪಷ್ಟತೆ ಹೆಚ್ಚಾಗಿ ಅಡಗಿರುವುದು 1ರಿಂದ 4 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲಿ. ಬೇಸ್ (ತಗ್ಗಿನ ಗುಂಗು ಸದ್ದು) ಉಬ್ಬಿಸಿದ ಸ್ಪೀಕರಿನಲ್ಲಿ ಆ ಭಾಗ ಮಸುಕಾಗಿ, ಅರ್ಥಧಾರಿ ಹಂಡೆಯೊಳಗೆ ಕುಳಿತು ವಾದಿಸಿದಂತೆ ಕೇಳುತ್ತದೆ. ಸಿನಿಮಾ ಹಾಡಿನಲ್ಲಿ ಈ ದೋಷವೇ ಗುಣವಾಗಿ ತೋರುತ್ತದೆ.

ಇನ್ನೊಂದು ಮುಖ್ಯ ವಿಷಯ: ಅಂಗಡಿಯ ಗೋಡೆಗೆ ತಾಗಿಸಿಟ್ಟ ಸ್ಪೀಕರಿನ ಬೇಸ್ ಇದ್ದುದಕ್ಕಿಂತ ಹೆಚ್ಚು ಕೇಳಿಸುವುದರಿಂದ, ಸ್ಪೀಕರನ್ನು ಅಲ್ಲಿಂದ ಇಳಿಸಿ ತೆರೆದ ಜಾಗದಲ್ಲಿಟ್ಟು, ವಾಲ್ಯೂಮನ್ನು ಮುಕ್ಕಾಲು ಭಾಗದಷ್ಟು ಏರಿಸಿ, ನಾಲ್ಕು ಮೀಟರು ದೂರ ನಿಂತು ಕೇಳಿ. ಅನೇಕ ಸಣ್ಣ ಸ್ಪೀಕರುಗಳು ಸದ್ದು ಏರಿದಂತೆ ಬೇಸನ್ನು ತಾವಾಗಿಯೇ ತಗ್ಗಿಸಿಕೊಳ್ಳುತ್ತವೆ. ಮದ್ದಳೆಯ ಗುಂಗು ಅಲ್ಲಿಯೂ ಉಳಿದಿದ್ದರೆ ಆ ಸ್ಪೀಕರ್ ನಂಬಬಹುದಾದದ್ದು.

ಮಂಜೇಶ್ವರದಿಂದ ಉತ್ತರ:
ಮೌನವನ್ನೂ ಪರೀಕ್ಷಿಸಬೇಕು. ಕೆಲವು ಸ್ಪೀಕರುಗಳು ಸದ್ದಿಲ್ಲದ ಕ್ಷಣದಲ್ಲಿ ಆಂಪ್ಲಿಫಯರನ್ನು ನಿಲ್ಲಿಸಿಬಿಡುತ್ತವೆ. ಅರ್ಥಧಾರಿ ಒಂದು ಪ್ರಶ್ನೆಯೆಸೆದು ತಡೆದು ನಿಂತು ಮುಂದಿನ ಮಾತನ್ನೆತ್ತುವಾಗ ಅದರ ಮೊದಲಕ್ಷರವೇ ನುಂಗಿಹೋಗಿರುತ್ತದೆ. ಹಾಡು ಕೇಳುವವರಿಗೆ ಇದು ತಿಳಿಯುವುದೇ ಇಲ್ಲ.

ಮಗಳ ಶ್ರುತಿಗೆ ತೊಂದರೆಯಿಲ್ಲ, ಏಕೆಂದರೆ ಅದು ಒಂದೇ ಸಮನೆ ನುಡಿಯುವಂಥದು. ಆದರೆ ಫೋನಿನ ಪರದೆಯ ಮೇಲೆ ಬೆರಳಿನಿಂದ ನುಡಿಸುವ ಆ್ಯಪ್ ಆದರೆ, ಬ್ಲೂಟೂತಿನಲ್ಲಿ ಸದ್ದು ಸಾಮಾನ್ಯವಾಗಿ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತಲೂ ತಡವಾಗಿ ಬರುವುದರಿಂದ ತಾಳ ತಪ್ಪುತ್ತದೆ. 3.5 ಮಿ.ಮೀ. ವೈರಿನ ಕಿಂಡಿಯಿರುವ ಸ್ಪೀಕರ್ ಸಿಕ್ಕಿದರೆ ಅದನ್ನೇ ಆರಿಸಿ. ಹೊಸ ಮಾದರಿಗಳಲ್ಲಿ ಅದು ಅಪರೂಪವಾಗುತ್ತಿದೆ.

ಪೆರ್ಲದಿಂದ ಉತ್ತರ:
ಹದಿನೈದು ಮಂದಿಗೆ ಒಂದೇ ಸ್ಪೀಕರ್ ಸಾಕೆಂಬ ಲೆಕ್ಕಾಚಾರವನ್ನು ನಾನು ಒಪ್ಪುವುದಿಲ್ಲ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದರೆ ಸದ್ದಿನ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಆಟಿಯ ಮಳೆ ತಗಡಿನ ಮಾಡಿನ ಮೇಲೆ ಸುರಿಯುವಾಗ ಹಿಂದೆ ಕುಳಿತವರಿಗೆ ಏನು ಉಳಿದೀತು? ಒಂದು ದೊಡ್ಡದರ ಬದಲು, ಜೋಡಿಯಾಗಿ ಕೂಡಿಸಬಹುದಾದ ಎರಡು ಸಣ್ಣವನ್ನು ಚಾವಡಿಯ ಎರಡು ಬದಿಗಿಡುವುದು ಮೇಲು. ಹಳೆಯ ಕ್ಯಾಸೆಟ್ಟಿನಿಂದ ಬಂದ ಧ್ವನಿಮುದ್ರಣವು ಮೋನೊ (ಎಡ-ಬಲ ಬೇರೆಯಿಲ್ಲದ ಒಂದೇ ಸದ್ದು) ಆಗಿದ್ದರೆ ಸ್ಟೀರಿಯೊದಿಂದ ವಿಶೇಷ ಲಾಭವಿಲ್ಲ, ಎರಡರಲ್ಲಿಯೂ ಒಂದೇ ಸದ್ದು ಬರುವಂತೆ ಮಾಡಿಕೊಳ್ಳಿ.

ಬ್ಯಾಟರಿಯ ಬಗ್ಗೆ ಪೆಟ್ಟಿಗೆಯ ಮೇಲೆ ಬರೆದ ಗಂಟೆಗಳು ಸಾಮಾನ್ಯವಾಗಿ ಮಧ್ಯಮ ಸದ್ದಿಗೆ ಸಂಬಂಧಿಸಿದವು. ಐಪಿ67 ಎಂದಿದ್ದರೆ ಧೂಳು ಒಳನುಗ್ಗದು, 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆದೀತು. ಆದರೆ ಆ ಪರೀಕ್ಷೆ ಸಿಹಿನೀರಿನದು. ಬೇಕಲದ ಕಡಲತೀರಕ್ಕೆ ಒಯ್ದರೆ ಬಂದೊಡನೆ ಸಿಹಿನೀರಿನಿಂದ ತೊಳೆದು, ಚಾರ್ಜಿನ ಕಿಂಡಿ ಪೂರ್ತಿ ಒಣಗಿದ ಮೇಲೆಯೇ ವೈರು ಸಿಕ್ಕಿಸಿ.