ಬಂಡಿಕೋಟೆಯೊಳಗೆ ಕೂತ ಮಾಸ್ಕೊ ಸೈನ್ಯ, ಪ್ರತಿ ಸಲವೂ ಸೋಲುವ ಒಟ್ಟೊಮನ್: ನಮ್ಮ ನಿಯಮದಲ್ಲಿ ಎಲ್ಲಿ ತಪ್ಪಿದೆ?

ಗೊಂಬೆದಂಡು:
ಎಲ್ಲರಿಗೂ ನಮಸ್ಕಾರ. ನಾನೂ ನನ್ನ ತಮ್ಮನೂ ಸೇರಿ ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆ 15 ಎಂಎಂ ಗೊಂಬೆಗಳಲ್ಲಿ ಎರಡು ಸೈನ್ಯ ಕಟ್ಟಿದ್ದೇವೆ. ನನ್ನದು ಮಾಸ್ಕೊ ಅಂದರೆ ಹಳೆಯ ರಷ್ಯಾ, ಅವನದು ಒಟ್ಟೊಮನ್ ಅಂದರೆ ತುರ್ಕರ ಸಾಮ್ರಾಜ್ಯ. ಬಣ್ಣ ಹಚ್ಚಿ ಮುಗಿಸಲು ಒಂದೂವರೆ ವರ್ಷ ಹಿಡಿಯಿತು. ಈಗ ಐದು ಸಲ ಆಡಿದ್ದೇವೆ, ಐದೂ ಸಲ ನಾನೇ ಗೆದ್ದಿದ್ದೇನೆ, ಅದೂ ಒಂದೇ ರೀತಿಯಲ್ಲಿ. ನಾನು ಗುಲ್ಯಾಯ್-ಗೊರೊದ್ ಅಂದರೆ ಚಕ್ರದ ಮೇಲಿನ ಹಲಗೆಗೋಡೆ ನಿಲ್ಲಿಸಿ, ಅದರ ಹಿಂದೆ ಸ್ತ್ರೆಲ್ತ್ಸಿ ಬಂದೂಕಿನವರನ್ನು ಇಡುತ್ತೇನೆ. ಅವನು ಜಾನಿಸರಿಗಳನ್ನು, ಅಂದರೆ ಸುಲ್ತಾನನ ಬಂದೂಕಿನ ಕಾಲಾಳುಗಳನ್ನು, ಮುಂದಕ್ಕೆ ತರುತ್ತಾನೆ. ಗೋಡೆ ಮುಟ್ಟುವ ಮೊದಲೇ ಅವರೆಲ್ಲ ಮುಗಿದಿರುತ್ತಾರೆ.

ನಿಯಮ ನಾವೇ ಬರೆದುಕೊಂಡದ್ದು. ಬಂದೂಕಿನ ವ್ಯಾಪ್ತಿ 12 ಇಂಚು, ಒಂದು ಬೇಸ್‌ಗೆ (ಗೊಂಬೆಗಳನ್ನು ಅಂಟಿಸಿದ ಬಿಲ್ಲೆ) 2 ದಾಳ, 5 ಅಥವಾ 6 ಬಿದ್ದರೆ ಏಟು, ಎರಡು ಏಟಿಗೆ ಬೇಸ್ ಔಟ್. ಕಾಲಾಳು ಒಂದು ಟರ್ನ್‌ಗೆ 4 ಇಂಚು ನಡೆಯುತ್ತದೆ. ಗೋಡೆಯ ಹಿಂದಿರುವವರಿಗೆ 6 ಬಿದ್ದರೆ ಮಾತ್ರ ಏಟು, ಅದನ್ನೂ ಇನ್ನೊಂದು ದಾಳ ಎಸೆದು 4, 5 ಅಥವಾ 6 ಬಿದ್ದರೆ ತಪ್ಪಿಸಿಕೊಳ್ಳಬಹುದು. ಫಿರಂಗಿಗೆ 3 ದಾಳ, ಗೋಡೆಯ ಲೆಕ್ಕ ಅದಕ್ಕೂ ಅದೇ. 8 ಟರ್ನ್ ಆಟ, ಹೆಚ್ಚು ಬೇಸ್ ಉಳಿಸಿಕೊಂಡವರು ಗೆದ್ದಂತೆ.

ತಮ್ಮ ಹೋದ ವಾರ "ಅಣ್ಣಾ, ಇನ್ನು ನೀನೊಬ್ಬನೇ ಆಡ್ಕೋ" ಅಂದ. ಗೆದ್ದೂ ನನಗೆ ಸಂಕಟ. ಗೋಡೆಯನ್ನೇ ತೆಗೆದುಬಿಡಬೇಕಾ? ಇನ್ನೊಂದು, ಐಸ್‌ಕ್ಯಾಂಡಿ ಕಡ್ಡಿಯಲ್ಲಿ ಮಾಡಿದ ಆ ಗೋಡೆಗಳೂ ಬಾಗಿಹೋಗುತ್ತಿವೆ.

ಹಳೇ ಫಿರಂಗಿ:
ಗೋಡೆ ತೆಗೆಯಬೇಡಿ. ಮೊದಲು ಮೂರು ವಿಷಯ ಹೇಳಿ. ಯಾವ ಇಸವಿಯ ಯುದ್ಧ ಅಂತ ಇಟ್ಟುಕೊಂಡಿದ್ದೀರಿ? ಮೇಜು ಎಷ್ಟು ದೊಡ್ಡದು? ಮಾಸ್ಕೊ ಸೈನ್ಯ ಆ ಬಯಲಿಗೆ ಯಾಕೆ ಬಂದಿದೆ?

ಗೊಂಬೆದಂಡು:
ಮೇಜು ಆರಡಿ ನಾಲ್ಕಡಿ. ಇಸವಿ 1678, ಉಕ್ರೇನಿನ ಚಿಹಿರಿನ್ ಕೋಟೆಯ ಯುದ್ಧ. ಇಬ್ಬರ ಹತ್ತಿರವೂ ಆರಾರು ಬೇಸ್ ಬಂದೂಕಿನವರು, ನನಗೆ ನಾಲ್ಕು ಕುದುರೆ ಬೇಸ್, ಅವನಿಗೂ ಕುದುರೆ ಸವಾರರು, ಆರು ಸಿಪಾಹಿ ಮತ್ತು ಆರು ಕ್ರಿಮಿಯಾದ ತಾತಾರ್ ಬೇಸ್, ಇಬ್ಬರಿಗೂ ಎರಡೆರಡು ಫಿರಂಗಿ. ಯಾಕೆ ಬಂದಿದೆ ಎಂಬ ಮೂರನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ ಸಾರ್. ಎರಡು ಕಡೆ ಎದುರುಬದುರು ನಿಲ್ಲಿಸಿ ಶುರು ಮಾಡುತ್ತೇವೆ, ಅಷ್ಟೇ.

ಹಳೇ ಫಿರಂಗಿ:
ರೋಗ ಇರುವುದೇ ಅಲ್ಲಿ. ಮೊದಲು ಲೆಕ್ಕ ನೋಡೋಣ. ನಿಮ್ಮ ಆರು ಬೇಸ್ ಸ್ತ್ರೆಲ್ತ್ಸಿ ಎಸೆಯುವುದು 12 ದಾಳ, ಸರಾಸರಿ 4 ಏಟು. ತಮ್ಮನವರ ಜಾನಿಸರಿಗಳು 12 ಇಂಚು ದಾಟಲು ಮೂರು ಟರ್ನ್ ಬೇಕು. ಮೂರು ನಾಲ್ಕಲಿ ಹನ್ನೆರಡು ಏಟು, ಎರಡು ಏಟಿಗೊಂದರಂತೆ ಆರೂ ಬೇಸ್ ಖಾಲಿ. ಅವರ ಗುಂಡಿನಿಂದ ನಿಮಗೆ ಟರ್ನ್‌ಗೆ ಸರಾಸರಿ ಒಂದು ಏಟು ಬಿದ್ದರೆ ಹೆಚ್ಚು. ದಾಳದ ಅದೃಷ್ಟದ ಪ್ರಶ್ನೆಯೇ ಇಲ್ಲಿಲ್ಲ. ಈ ನಿಯಮ ಇರುವವರೆಗೆ ನಿಮ್ಮ ತಮ್ಮ ಸೋಲುತ್ತಲೇ ಇರುತ್ತಾರೆ.

ಗೋಡೆಯ ಪ್ರಭಾವ ಸುಳ್ಳಲ್ಲ. 1572ರಲ್ಲಿ ಮಾಸ್ಕೊದ ದಕ್ಷಿಣಕ್ಕೆ ಮೊಲೊದಿಯಲ್ಲಿ ಮಾಸ್ಕೊ ಸೇನಾಪತಿ ವೊರೊತೀನ್‌ಸ್ಕಿಯ ಸೈನ್ಯ ಗುಲ್ಯಾಯ್-ಗೊರೊದ್ ಒಳಗೆ ನಿಂತೇ ಕ್ರಿಮಿಯಾದ ತಾತಾರ್ ಖಾನ್ ದೆವ್ಲೆತ್ ಗಿರಾಯ್‌ನನ್ನು ತಡೆಯಿತು. ಹಿಂದಿನ ವರ್ಷವಷ್ಟೇ ಅದೇ ಖಾನ್ ಮಾಸ್ಕೊ ನಗರವನ್ನು ಸುಟ್ಟಿದ್ದ. ಆದರೆ ಅಲ್ಲೂ ಒಳಗಿದ್ದವರು ಹಸಿವು, ನೀರಡಿಕೆಯಿಂದ ಕಂಗೆಟ್ಟಿದ್ದರು. ಕೂತಲ್ಲೇ ಗೆದ್ದದ್ದಲ್ಲ. ವೊರೊತೀನ್‌ಸ್ಕಿ ಒಂದು ದಳ ತೆಗೆದುಕೊಂಡು ಕಣಿವೆಯಲ್ಲಿ ಮರೆಯಾಗಿ ಸುತ್ತಿಬಂದು ಹಿಂದಿನಿಂದ ಹೊಡೆದಾಗ ಯುದ್ಧ ತಿರುಗಿತು. ಎದುರಿಗೆ ಇದ್ದದ್ದೂ ಹೆಚ್ಚಾಗಿ ಬಿಲ್ಲು ಹಿಡಿದ ಕುದುರೆ ಸವಾರರು. ಮರದ ಹಲಗೆ ಬಾಣ ತಡೆಯುತ್ತದೆ, ಫಿರಂಗಿ ಗುಂಡು ತಡೆಯುವುದಿಲ್ಲ. ನೀವು ಎರಡಕ್ಕೂ ಒಂದೇ ರಕ್ಷಣೆ ಕೊಟ್ಟಿದ್ದೀರಿ.

ಇನ್ನು 1678. ಹಿಂದಿನ ವರ್ಷ ಚಿಹಿರಿನ್ ಉಳಿದಿತ್ತು. ಮಾಸ್ಕೊ ಸೇನಾಪತಿ ರೊಮೊದಾನೊವ್‌ಸ್ಕಿ ಮತ್ತು ಕೊಸ್ಯಾಕರ ಮುಖಂಡ, ಅಂದರೆ ಹೆತ್ಮನ್, ಸಮೊಯ್ಲೊವಿಚ್ ದ್ನೀಪರ್ ನದಿ ದಾಟಿ ಬಂದಾಗ ಒಟ್ಟೊಮನ್ ಸೇನಾಪತಿ ಇಬ್ರಾಹಿಂ ಪಾಷಾ ಮುತ್ತಿಗೆ ಬಿಟ್ಟು ಹೋದ. ಎರಡನೇ ಸಲ ಮಹಾವಜೀರ ಕಾರಾ ಮುಸ್ತಫಾ ಪಾಷಾನೇ ಬಂದ. ಜಾನಿಸರಿಗಳು ಕೋಟೆ ಗೋಡೆಗೆ ತಲೆ ಚಚ್ಚಿಕೊಳ್ಳಲಿಲ್ಲ. ಕಂದಕ ತೋಡಿದರು, ಸುರಂಗ ಕೊರೆದು ಮದ್ದು ತುಂಬಿ ಗೋಡೆ ಹಾರಿಸಿದರು. ಹಳೆಯ ರಷ್ಯನ್ ಪಂಚಾಂಗದ ಪ್ರಕಾರ ಆಗಸ್ಟ್ 11ಕ್ಕೆ ಕೋಟೆ ಬಿತ್ತು. ಒಳಗಿದ್ದ ಸ್ಕಾಟಿಷ್ ಅಧಿಕಾರಿ ಪ್ಯಾಟ್ರಿಕ್ ಗಾರ್ಡನ್ ಮದ್ದಿನ ಮನೆಗೆ ಬೆಂಕಿ ಇಟ್ಟು ಹೊರಬಿದ್ದ. ರಕ್ಷಣೆಗೆ ಬಂದಿದ್ದ ದೊಡ್ಡ ಸೈನ್ಯ ಆಮೇಲೆ ಬಂಡಿಗಳನ್ನೇ ಗೋಡೆ ಮಾಡಿಕೊಂಡು, ಸುತ್ತಲೂ ಶತ್ರು ಕಚ್ಚುತ್ತಿರುವಾಗಲೇ ದ್ನೀಪರ್ ದಡಕ್ಕೆ ಹಿಂದೆ ಸರಿಯಿತು.

ಆ ಹಿಂದೆ ಸರಿಯುವಿಕೆಯನ್ನೇ ಆಡಿ ಅನ್ನುವುದು ನನ್ನ ಸಲಹೆ. ಇಡೀ ಯುದ್ಧದ ಸ್ವಭಾವ ಅದರಲ್ಲಿದೆ: ನದಿ, ದಾರಿ, ಬಂಡಿ, ಸಮಯ. ನಿಂತರೆ ಅದು ಕೋಟೆ, ನಡೆದರೆ ಬರೀ ಬಂಡಿಸಾಲು. ಯಾವಾಗ ನಿಲ್ಲಬೇಕು, ಯಾವಾಗ ನಡೆಯಬೇಕು ಅನ್ನುವುದು ನಿಮ್ಮ ತಲೆನೋವು ಆಗಬೇಕು.

ಮೇಜಿನ ನಾಲ್ಕಡಿ ಅಗಲವನ್ನೇ ಬಳಸಿ. ಒಂದು ಅಂಚಿನಿಂದ 8 ಇಂಚು ಒಳಗೆ ಎಂಟು ಬಂಡಿ ಇಡಿ. ಎದುರಿನ ಅಂಚಿನಿಂದ 8 ಇಂಚಿಗೆ ನದಿಯ ದಡ. ನಡುವೆ 32 ಇಂಚು. ಬಂಡಿ ಟರ್ನ್‌ಗೆ 4 ಇಂಚು ಹೋಗುತ್ತದೆ, ಆಟ 12 ಟರ್ನ್. ಅಂದರೆ ನಿಮಗೆ ನಿಲ್ಲಲು ಸಿಗುವುದು ನಾಲ್ಕೇ ಟರ್ನ್. ಐದು ಬಂಡಿ ದಡ ಮುಟ್ಟಿಸಿದರೆ ನೀವು ಗೆದ್ದಿರಿ, ಇಲ್ಲವಾದರೆ ತಮ್ಮ. ಸತ್ತ ಬೇಸ್ ಎಣಿಸುವುದನ್ನು ಬಿಟ್ಟುಬಿಡಿ.

ನಡೆಯುವ ಟರ್ನ್‌ನಲ್ಲಿ ಬಂಡಿಯ ಬಂದೂಕಿನವರಿಗೆ ಅರ್ಧ ದಾಳ. ಆಗ ಜಾನಿಸರಿಗಳ ಮೇಲೆ ಬೀಳುವುದು ಟರ್ನ್‌ಗೆ 2 ಏಟು, ಮೂರು ಟರ್ನ್ ಆದಮೇಲೂ ಮೂರು ಬೇಸ್ ಉಳಿದು ಬಂಡಿ ಮುಟ್ಟುತ್ತವೆ. ಫಿರಂಗಿಯನ್ನು ಆಳಿನ ಮೇಲೆ ಅಲ್ಲ, ಬಂಡಿಯ ಮೇಲೆ ಗುರಿಯಿಡಲು ಬಿಡಿ: ರಕ್ಷಣೆಯ ದಾಳ ಇಲ್ಲ, 5 ಅಥವಾ 6 ಬಿದ್ದರೆ ಏಟು, ಮೂರು ಏಟಿಗೆ ಬಂಡಿ ಮುರಿದು ಸಾಲಿನಲ್ಲಿ ಸಂದು ಬೀಳುತ್ತದೆ. ಸಂದು ಮುಚ್ಚಲು ಇಡೀ ಸಾಲು ಒಂದು ಟರ್ನ್ ನಿಲ್ಲಬೇಕು. ಮುಚ್ಚದೆ ಹೋದರೆ ಅಲ್ಲಿ ಸಿಪಾಹಿಗಳು ನುಗ್ಗಬಹುದು.

ಸಿಪಾಹಿ ಅಂದಾಗ ಒಂದು ಮಾತು. ನಮ್ಮ ಸಿಪಾಯಿ ಪದವೂ ಅದೇ ಪರ್ಷಿಯನ್ ಮೂಲದ್ದು, ಆದರೆ ಒಟ್ಟೊಮನ್ ಸಿಪಾಹಿ ಕುದುರೆ ಸವಾರ. ತಿಮಾರ್ ಎಂಬ ಜಮೀನಿನ ಆದಾಯದ ಬದಲಿಗೆ ದಂಡಿಗೆ ಬರುತ್ತಿದ್ದವನು, ನಮ್ಮ ಉಂಬಳಿಯವರ ಹಾಗೆ. ಮಾಸ್ಕೊದ ಕುದುರೆ ಸವಾರನಿಗೂ ಪೊಮೆಸ್ತ್ಯೆ ಅನ್ನುವ ಅಂಥದೇ ಜಮೀನು. ಆದ್ದರಿಂದ ಇಬ್ಬರಿಗೂ ಒಂದೇ ಗುಣಾಂಕ ಇಡಿ, ಒಬ್ಬರನ್ನು ಹೆಚ್ಚು ಮಾಡಬೇಡಿ.

ಎರಕ:
ಹಳೇ ಫಿರಂಗಿಯವರು ಹೇಳಿದ್ದು ಖರೇ ಐತ್ರಿ, ತೋಪಿಗೆ ಬೆಲೆ ಕೊಡ್ರಿ. ಒಟ್ಟೊಮನ್ನರ ಕಡಿ ತೋಪಿನ ಕಸಬು ಎಷ್ಟು ದೂರ ಹಬ್ಬಿತ್ತು ಅಂದ್ರ, ನಮ್ಮ ವಿಜಯಪುರದ ಬುರುಜಿನ ಮ್ಯಾಲಿರೋ ಮಲಿಕ್-ಎ-ಮೈದಾನ್ ತೋಪನ್ನ 1549ರಾಗ ಎರಕಾ ಹೊಯ್ದಾಂವನ ಹೆಸರಿನ್ಯಾಗೂ "ರೂಮಿ" ಅಂತ ಐತಿ. ರೂಮ್ ಅಂದ್ರ ಆಗ ತುರ್ಕರ ನಾಡು.

ಹಲಗಿ ಬಾಗಾಕತ್ತಾವಂದ್ರ ನೀವು ಒಂದ ಮಗ್ಗಲಿಗೆ ಬಣ್ಣ ಹಚ್ಚೀರಿ. ಫೆವಿಕಾಲ್‌ನ್ಯಾಗ ನೀರು ಇರ್ತೈತಿ, ಕಡ್ಡಿ ಹಿಗ್ಗತೈತಿ, ಬಣ್ಣ ಇಲ್ಲದ ಕಡಿ ಮೊದ್ಲ ಒಣಗಿ ಎಳೀತೈತಿ. ಕಡ್ಡಿಗೆ ಅಂಟು ತೆಳ್ಳಗ ಹಚ್ಚಿ, ಎರಡು ಹಂಚಿನ ನಡುವ ಪ್ಲಾಸ್ಟಿಕ್ ಹಾಳಿ ಇಟ್ಟು ಒಂದು ರಾತ್ರಿ ಒತ್ತಿಡ್ರಿ. ಆಮ್ಯಾಲ ಎರಡೂ ಮಗ್ಗಲಿಗೆ ಪ್ರೈಮರ್ ಹೊಡೀರಿ. ಮಳಿಗಾಲದಾಗ ವಾರ್ನಿಶ್ ಸ್ಪ್ರೇ ಮಾತ್ರ ಬ್ಯಾಡ, ಹಸಿ ಗಾಳಿಗೆ ಬೆಳ್ಳಗ ಮಂಜು ಕಟ್ಟತೈತಿ. ಕುಂಚದಿಂದ ಹಚ್ಚೂದ ಛಲೋ.

ಗೊಂಬೆದಂಡು:
ನಿನ್ನೆ ರಾತ್ರಿ ಆಡಿದೆವು! ಹಲಗೆಗೋಡೆ ಬಿಟ್ಟು ಎಂಟು ಬಂಡಿ ಇಟ್ಟೆ. ಮೂರನೇ ಟರ್ನ್‌ನಲ್ಲೇ ಫಿರಂಗಿ ಒಂದು ಬಂಡಿ ಮುರಿಯಿತು. ಸಂದು ಮುಚ್ಚಲೋ ಮುಂದೆ ಹೋಗಲೋ ಅಂತ ಐದು ನಿಮಿಷ ಯೋಚಿಸಿದೆ. ನಿಂತೆ. ಆರನೇ ಟರ್ನ್‌ನಲ್ಲಿ ಇನ್ನೊಂದು ಮುರಿಯಿತು, ಮತ್ತೆ ನಿಂತೆ. ಒಂಬತ್ತರಲ್ಲಿ ಜಾನಿಸರಿಗಳು ಬಾಲದ ಬಂಡಿಗಳನ್ನು ಹಿಡಿದುಕೊಂಡರು, ಅವನ್ನು ಬಿಡಿಸಲು ಇನ್ನೆರಡು ಟರ್ನ್. ಕೊನೆಗೆ ನಾಲ್ಕು ಬಂಡಿ ದಡ ಮುಟ್ಟಿದವು, ಐದನೆಯದು ಮೂರು ಇಂಚು ಹಿಂದೆ. ತಮ್ಮ ಮೊದಲ ಸಲ ಗೆದ್ದ. ಎದ್ದು ಕುಣಿದ.

ಒಂದೇ ಒಂದು ಉಳಿದಿದೆ. ತಾತಾರರ ಆರೂ ಬೇಸನ್ನು ಅವನು ನೇರ ಬಂಡಿಗೆ ನುಗ್ಗಿಸಿದ, ಆರೂ ಹೋದವು. ಅವರಿಂದ ಏನು ಪ್ರಯೋಜನ ಅಂತ ಕೇಳುತ್ತಿದ್ದಾನೆ.

ಹಳೇ ಫಿರಂಗಿ:
ತುಂಬಾ ಸಂತೋಷವಾಯಿತು. ತಾತಾರರನ್ನು ಬಂಡಿಗೆ ನುಗ್ಗಿಸಬಾರದು. ಅವರ ಕೆಲಸ ಮುಂದೆ ಹೋಗಿ ದಾರಿ ಕೆಡಿಸುವುದು. ತಾತಾರ್ ಬೇಸ್ ಬಂಡಿಸಾಲಿನ ಮುಂದೆ 6 ಇಂಚಿನೊಳಗೆ ಇದ್ದರೆ ಆ ಟರ್ನ್‌ನಲ್ಲಿ ಬಂಡಿ ನಡೆಯುವುದು ಎರಡೇ ಇಂಚು ಅಂತ ಮಾಡಿ. ಅವರ ಮೇಲೆ ಯಾರಾದರೂ ನುಗ್ಗಿದರೆ ಹೊಡೆದಾಡದೆ 8 ಇಂಚು ಹಿಂದೆ ಓಡಬಹುದು. ಆಗ ನಿಮ್ಮ ನಾಲ್ಕು ಕುದುರೆ ಬೇಸ್‌ಗೂ ಕೆಲಸ ಸಿಗುತ್ತದೆ: ಸಾಲು ಬಿಟ್ಟು ಹೊರಗೆ ಹೋಗಿ ತಾತಾರರನ್ನು ಚದುರಿಸುವುದು. ತೀರಾ ದೂರ ಹೋದರೆ ಸಿಪಾಹಿಗಳ ಬಾಯಿಗೆ ಬೀಳುತ್ತಾರೆ.

ಹುಲ್ಲಿಗೆ ಬೆಂಕಿಯನ್ನೂ ಸೇರಿಸಿ. 1687ರಲ್ಲಿ ಮಾಸ್ಕೊದ ಗೊಲಿತ್ಸಿನ್ ದೊಡ್ಡ ಸೈನ್ಯ ಕಟ್ಟಿಕೊಂಡು ಕ್ರಿಮಿಯಾಕ್ಕೆ ಹೊರಟಾಗ ಹುಲ್ಲುಗಾವಲು ಹೊತ್ತಿ ಉರಿದಿತ್ತು. ಕುದುರೆಗೆ ಮೇವಿಲ್ಲ, ನೀರಿಲ್ಲ, ಅರ್ಧ ದಾರಿಯಿಂದ ಹಿಂದಿರುಗಿದ. ಯುದ್ಧವೇ ಆಗಲಿಲ್ಲ.

ಗೊಂಬೆದಂಡು:
ಬೆಂಕಿ ಎಷ್ಟು ಸಲ ಹಚ್ಚಬಹುದು? ಹೊಗೆಯೊಳಗಿಂದ ಗುಂಡು ಹಾರಿಸಬಹುದಾ?

ಹಳೇ ಫಿರಂಗಿ:
ಆಟಕ್ಕೆ ಒಂದೇ ಸಲ, ಅದೂ ಆ ಟರ್ನ್‌ನಲ್ಲಿ ಬೇರೇನೂ ಮಾಡದ ತಾತಾರ್ ಬೇಸ್ ಮಾತ್ರ. ಹೊಗೆಯ ಗುರುತಿಗೆ 6 ಇಂಚು ಉದ್ದಕ್ಕೆ ಹತ್ತಿ ಇಡಿ, ಮೂರು ಟರ್ನ್ ಆದಮೇಲೆ ತೆಗೆಯಿರಿ. ಹತ್ತಿಯ ಆಚೆ ಕಡೆಗೆ ಯಾರೂ ಗುಂಡು ಹಾರಿಸುವಂತಿಲ್ಲ, ಒಟ್ಟೊಮನ್ ಫಿರಂಗಿಯೂ ಸೇರಿ. ಹಚ್ಚುವ ಮೊದಲು ಫಿರಂಗಿ ಎಲ್ಲಿದೆ ಅಂತ ಸರಿಯಾಗಿ ನೋಡಿಕೊಳ್ಳಲು ತಮ್ಮನಿಗೆ ಹೇಳಿ.